ಟೆಕ್ಸಾಸ್‌ನಿಂದ ಸಮುರಾಯ್‌ಗಳ ಊರಿಗೆ

ನಾನು ಕೆಲಸ ಮಾಡಿದ ಟ್ರಾವೆಲ್ ಆಫೀಸಿಗೆ ಹೊಸದಾಗಿ ಸೇರಿದವರು ಡಾಲಸ್ ಹತ್ತಿರದ ಮರ್ಫಿಯ ನಮ್ಮ ಮನೆಗೆ ಬಂದಾಗಲೆಲ್ಲ ವೀಸಾ, ವಿಮಾನ, ಹೋಟೆಲ್‌ಗಳ ಬಗ್ಗೆ ಕೇಳುತ್ತಾರೆ. ಅದನ್ನೆಲ್ಲ ಈಗ ಫೋನೇ ಹೇಳುತ್ತದೆ. ಫೋನ್ ಹೇಳುವುದೆಲ್ಲ ಮುಗಿದ ಮೇಲೆ ಟೂರ್ ಮ್ಯಾನೇಜರಿನ ಕೆಲಸ ಶುರುವಾಗುತ್ತದೆ. ಆ ಕೆಲಸ ಹೇಗಿರುತ್ತದೆಂದು ಬರೆದಿಡಿ ಎಂದು ಅವರೇ ಒತ್ತಾಯಿಸಿದ್ದರಿಂದ ಕೂತಿದ್ದೇನೆ. ಯುರೋಪ್, ಅಲಾಸ್ಕಾ, ಕಾಶಿ, ಕೀನ್ಯಾ ಎಲ್ಲ ಕಡೆಗೂ ಜನರನ್ನು ಕರೆದುಕೊಂಡು ಹೋಗಿ ಬಂದವಳು ನಾನು. ಆದರೆ ಇಲ್ಲಿ ಬರೆಯುವುದು ಒಂದೇ ಊರಿನ ಕಥೆ. ನನ್ನ ಕೆಲಸವನ್ನು ನನಗೆ ಕಲಿಸಿದ್ದು ಆ ಊರು.

ಟೋಕಿಯೊದಿಂದ ಉತ್ತರಕ್ಕೆ, ಬೆಟ್ಟಗಳ ನಡುವೆ, ಎಡೊ ಕಾಲದ ಊರೊಂದನ್ನು ಹೊಸದಾಗಿ ಕಟ್ಟಿ ನಿಲ್ಲಿಸಿದ್ದಾರೆ. ಎಡೊ ಕಾಲವೆಂದರೆ ರೈಲು, ವಿದ್ಯುತ್ತು ಬರುವುದಕ್ಕೂ ಮುಂಚೆ, ಸಮುರಾಯ್ ದೊರೆಗಳು ಆಳುತ್ತಿದ್ದ ಕಾಲ. ಹೆಬ್ಬಾಗಿಲಿನ ಚೌಕಿ, ವರ್ತಕರ ಬೀದಿ, ಸಮುರಾಯ್ ಮನೆತನದ ವಾಸದ ಮನೆ, ಬೆಂಕಿ ಬಿದ್ದರೆ ಗಂಟೆ ಹೊಡೆಯುವ ಮರದ ಗೋಪುರ, ನ್ಯಾಯಾಧಿಕಾರಿಯ ಕಚೇರಿ, ನಾಟಕಮಂದಿರ ಎಲ್ಲವೂ ಇವೆ. ಒಳಗೆ ದುಡಿಯುವವರೆಲ್ಲ ಆ ಕಾಲದ ಉಡುಪಿನಲ್ಲೇ ಇರುತ್ತಾರೆ. ಕಾರಿಲ್ಲ, ಡಾಂಬರಿಲ್ಲ, ಕಾಲಡಿಗೆ ಮಣ್ಣು.

ನಾನು ಮೈಸೂರಿನವಳು. ಡಾಲಸ್‌ಗೆ ಬಂದು, ಮಕ್ಕಳು ಸ್ಕೂಲಿಗೆ ಹೋಗತೊಡಗಿದ ಮೇಲೆ, ಹರೀಶ್‌ಭಾಯ್ ಅನ್ನುವ ಗುಜರಾತಿನವರ ಟ್ರಾವೆಲ್ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದೆ. ಬೇಸಿಗೆ ರಜಕ್ಕೆ ಊರಿಗೆ ಹೋಗುವವರಿಗೆ ಟಿಕೆಟ್ ಮಾಡಿಕೊಡುವುದೇ ಆಗ ನಮ್ಮ ವ್ಯಾಪಾರ. ಹರೀಶ್‌ಭಾಯ್ ಒಳ್ಳೆಯ ಯಜಮಾನರು, ಆದರೆ ಹೊಸದಕ್ಕೆ ಹೆದರುವವರು. ಹಿಂದಿ, ಇಂಗ್ಲಿಷ್ ಕಲಸಿ ಮಾತಾಡುತ್ತಿದ್ದರು. ಪ್ರವಾಸದ ಬಗ್ಗೆ ಅವರಿಗಿದ್ದ ಸಿದ್ಧಾಂತ ಒಂದೇ: ಊಟ ಸರಿಯಿದ್ದರೆ ಜನ ಉಳಿದದ್ದನ್ನೆಲ್ಲ ಕ್ಷಮಿಸುತ್ತಾರೆ. ಅದು ನಿಜವೆಂದು ನನಗೂ ಆಮೇಲೆ ಗೊತ್ತಾಯಿತು.

ಜಪಾನ್ ಪ್ರವಾಸ ಶುರುಮಾಡೋಣ ಎಂದು ಹಟ ಹಿಡಿದು, ದಾರಿ ನೋಡಿಕೊಂಡು ಬರಲು ಒಬ್ಬಳೇ ಹೋದೆ. ಟೋಕಿಯೊದ ಗೈಡ್ ಯೋಷಿಕೊ-ಸಾನ್ ನನಗಿಂತ ಸ್ವಲ್ಪ ದೊಡ್ಡವರು, ಮಾತು ಕಡಿಮೆ. ದೇವಸ್ಥಾನಗಳೆಲ್ಲ ಮುಗಿದ ಮೇಲೆ, "ನಾಳೆ ನಿಮ್ಮನ್ನು ಒಂದು ಕಡೆ ಕರೆದುಕೊಂಡು ಹೋಗುತ್ತೇನೆ, ಇಷ್ಟವಾಗದಿದ್ದರೆ ಬೈಯಬೇಡಿ" ಎಂದು ಇಂಗ್ಲಿಷ್‌ನಲ್ಲಿ ಹೇಳಿ, ಮರುದಿನ ಬಸ್ ಹತ್ತಿಸಿದರು.

ಹೆಬ್ಬಾಗಿಲಲ್ಲಿ ಕತ್ತಿ ಸಿಕ್ಕಿಸಿಕೊಂಡ ಕಾವಲುಗಾರನೊಬ್ಬ ನಮ್ಮನ್ನು ತಡೆದು ಗಟ್ಟಿಯಾಗಿ ಏನೋ ಕೇಳಿದ. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಆದರೆ ಆ ರಾಗ, ಆ ಗತ್ತು ಎಲ್ಲೋ ಕೇಳಿದ ಹಾಗಿತ್ತು. "ಇವರು ಮಾತಾಡುವುದು ಹಳೆಯ ಕಾಲದ ಜಪಾನಿ. ಈಗ ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ" ಎಂದರು ಯೋಷಿಕೊ-ಸಾನ್. ನನಗೆ ಫಕ್ಕನೆ ಹೊಳೆಯಿತು. ಮೈಸೂರಿನ ಕಂಪನಿ ನಾಟಕಗಳಲ್ಲಿ ದ್ವಾರಪಾಲಕ "ಯಾರಲ್ಲಿ? ನಿಲ್ಲಿ ಅಲ್ಲೇ!" ಎನ್ನುತ್ತಿದ್ದನಲ್ಲ, ಇದು ಅದೇ ಧ್ವನಿ. ನಾನು ಕೈಮುಗಿದು, ಅದೇ ಗತ್ತಿನಲ್ಲಿ, ಕನ್ನಡದಲ್ಲೇ ಹೇಳಿದೆ: "ನಾವು ಬಹುದೂರದ ಟೆಕ್ಸಾಸ್ ಸೀಮೆಯಿಂದ ಬಂದಿರುವೆವು. ದಾರಿ ಬಿಡುವಂಥವರಾಗಿ!" ಕಾವಲುಗಾರ ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಸೊಂಟ ಬಗ್ಗಿಸಿ ನಮಸ್ಕರಿಸಿ ಪಕ್ಕಕ್ಕೆ ಸರಿದ. ನಮ್ಮವರು ಈ ಊರಿಗೆ ಬರಲೇಬೇಕು ಎಂದು ಆ ಬಾಗಿಲಲ್ಲೇ ತೀರ್ಮಾನಿಸಿದೆ.

ಹರೀಶ್‌ಭಾಯ್ ಒಪ್ಪಲಿಲ್ಲ. "ವಿಜಯಾಬೆನ್, ಇದು ನಕ್ಲಿ ಶಹರ್. ಟೆಕ್ಸಾಸ್‌ನಲ್ಲಿ ಇಂಥ ಸೆಟ್ ಬೇಕಾದಷ್ಟಿದೆ. ಹ್ಯಾಟ್ ಹಾಕಿಕೊಂಡು ಬಂದೂಕು ಹಾರಿಸುತ್ತಾರಲ್ಲ, ಅದೇ!" ಎಂದರು. ನಾನು ಜಗಳವಾಡಲಿಲ್ಲ. ಒಂದು ವರ್ಷ ಮಾತ್ರ ಬಿಡಿ, ಜನ ಗೊಣಗಿದರೆ ನಾನೇ ಆ ದಿನವನ್ನು ತೆಗೆದುಹಾಕುತ್ತೇನೆ ಎಂದೆ. ಯಜಮಾನರನ್ನು ಒಪ್ಪಿಸುವಾಗ ಅವರು ಸೋಲಬೇಕಾಗದ ಹಾಗೆ ಕೇಳಬೇಕು. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಆಮೇಲೆ ತಯಾರಿ. ನಮ್ಮ ಟೆಕ್ಸಾಸ್‌ನವರಿಗೆ ನಡೆದು ಅಭ್ಯಾಸವಿಲ್ಲ. ಗರಾಜಿನಲ್ಲಿ ಕಾರು ಹತ್ತಿ ಅಂಗಡಿ ಬಾಗಿಲಲ್ಲಿ ಇಳಿಯುವವರು ಅವರು. ಆ ಊರಿನಲ್ಲಿ ದಿನವಿಡೀ ಮಣ್ಣಿನ ಮೇಲೆ ನಡೆಯಬೇಕು. ಹಾಗಾಗಿ ಪ್ರವಾಸಕ್ಕೆ ಮುಂಚಿನ ಬೇಸಿಗೆಯಲ್ಲಿ ಡಾಲಸ್ ಕಡೆಯವರನ್ನು ಮಾಲ್ ಒಳಗೆ ಏಸಿಯಲ್ಲಿ ನಡೆಸುತ್ತಿದ್ದೆ. ಹ್ಯೂಸ್ಟನ್ ಮತ್ತು ಆಸ್ಟಿನ್‌ನವರ ಜೊತೆ ದೇವಸ್ಥಾನದ ಕ್ಯಾಂಟೀನಿನಲ್ಲಿ ಮೀಟಿಂಗ್ ಮಾಡಲು ನಾನೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಮೂರು ಊರಿನವರಿಗೂ ಮೂರು ಸ್ವಭಾವ. ಆಸ್ಟಿನ್‌ನ ಸಾಫ್ಟ್‌ವೇರ್‌ನವರು ಎಲ್ಲವನ್ನೂ ಮೊದಲೇ ಓದಿಕೊಂಡು ಬಂದು ನನ್ನನ್ನು ಪರೀಕ್ಷೆ ಮಾಡುತ್ತಿದ್ದರು. ಹ್ಯೂಸ್ಟನ್‌ನ ಡಾಕ್ಟರುಗಳು ಏನನ್ನೂ ಓದದೆ ಬಂದು ಎಲ್ಲದಕ್ಕೂ ಅಭಿಪ್ರಾಯ ಹೇಳುತ್ತಿದ್ದರು. ಡಾಲಸ್‌ನವರು ತಿಂಡಿ ಏನು ಎಂದು ಕೇಳುತ್ತಿದ್ದರು.

ತಿಂಡಿಯ ವಿಷಯಕ್ಕೇ ಬರುತ್ತೇನೆ. ಜಪಾನಿನಲ್ಲಿ ತರಕಾರಿ ಸಾರಿಗೂ ಮೀನಿನ ತಿಳಿ ಹಾಕುತ್ತಾರೆ. ನಮ್ಮವರಲ್ಲಿ ಹೆಚ್ಚಿನವರು ಸಸ್ಯಾಹಾರಿಗಳು. ಮೊದಲ ಕೆಲವು ವರ್ಷ, ಮೀನು-ಮಾಂಸ ಬೇಡವೆಂದು ಯೋಷಿಕೊ-ಸಾನ್ ಜಪಾನಿಯಲ್ಲಿ ಬರೆದುಕೊಟ್ಟ ಚೀಟಿಯನ್ನು ನಾನು ಅಡುಗೆಯವರಿಗೆ ತೋರಿಸುತ್ತಿದ್ದೆ. ಆಮೇಲೆ ಮಾತನ್ನು ಅನುವಾದಿಸುವ ಫೋನ್ ಬಂತು, ಚೀಟಿ ಯಾರಿಗೂ ಬೇಡವಾಯಿತು. ಒಂದು ಸಲ ಆ ಊರಿನ ಖಾನಾವಳಿಯಲ್ಲಿ ಆಸ್ಟಿನ್‌ನ ಯುವಕನೊಬ್ಬ, "ನೀವು ಕೂತ್ಕೊಳಿ ಆಂಟಿ, ನಾನು ಹ್ಯಾಂಡಲ್ ಮಾಡ್ತೀನಿ" ಎಂದು ಮುಂದೆ ಹೋದ. ನಾವು ಜೀವ ತೆಗೆಯುವವರಲ್ಲ ಎಂಬ ಅರ್ಥದಲ್ಲಿ ಫೋನಿಗೆ ಇಂಗ್ಲಿಷ್‌ನಲ್ಲಿ ಏನೋ ಹೇಳಿದ. ಫೋನ್ ಜಪಾನಿಯಲ್ಲಿ ಒದರಿತು. ಮುದುಕ ಅಡುಗೆಯವರು ಸೌಟು ಹಿಡಿದುಕೊಂಡೇ ಹಿಂದೆ ಸರಿದರು. ಯೋಷಿಕೊ-ಸಾನ್ ತಾವು ಉಟ್ಟಿದ್ದ ಕಿಮೋನೊ ಉಡುಪಿನ ಅಗಲ ತೋಳನ್ನು ಸೆರಗಿನಂತೆ ಬಾಯಿಗೆ ಒತ್ತಿ ನಗುತ್ತಿದ್ದರು. "ನಿಮ್ಮನ್ನು ನಾವು ಕೊಲ್ಲುವುದಿಲ್ಲ, ದಯವಿಟ್ಟು ಊಟ ಕೊಡಿ" ಎಂದು ಫೋನ್ ಹೇಳಿತ್ತಂತೆ! ಊಟ ಬೇಗ ಬಂತು, ಅದು ಬೇರೆ ಮಾತು. ಆದರೆ ಆವತ್ತಿನಿಂದ ಅಡುಗೆಮನೆಗೆ ನಾನೇ ಹೋಗಿ, ಪಾತ್ರೆ ಮುಚ್ಚಳ ತೆಗೆಸಿ, ಮೂಸಿ ನೋಡಿ ಬರುವ ಪದ್ಧತಿ ಇಟ್ಟುಕೊಂಡೆ. ಫೋನಿಗೆ ಮೂಗಿಲ್ಲ.

ಆ ಊರಿನಲ್ಲಿ ಬಾಡಿಗೆಗೆ ಹಳೆಯ ಕಾಲದ ಉಡುಪು ಕೊಡುತ್ತಾರೆ. ಡಾಲಸ್ ಕಡೆಯ ಲಿಟಲ್ ಎಲ್ಮ್‌ನ ಮಧು ಅನ್ನುವವರು ಮೈಸೂರಿನಿಂದ ಬಂದಿದ್ದ ತಾಯಿ ಶಾರದಮ್ಮನವರನ್ನೂ ಕರೆದುಕೊಂಡು ಬಂದಿದ್ದರು. ಶಾರದಮ್ಮನವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಸೊಸೆ ಬಲವಂತ ಮಾಡಿ ಅವರಿಗೆ ನೀಲಿ ಕಿಮೋನೊ ಉಡಿಸಿದರು. ಎಲ್ಲರೂ ವರ್ತಕರ ಬೀದಿಯಲ್ಲಿ ಚದುರಿದರು. ಸೇರುವ ಹೊತ್ತಿಗೆ ಶಾರದಮ್ಮನವರಿಲ್ಲ.

ಮಧು ಕಾವಲುಗಾರನ ಹತ್ತಿರ ಓಡಿದರು. ವಯಸ್ಸಾದವರು, ಕುಳ್ಳಗಿದ್ದಾರೆ, ನೀಲಿ ಕಿಮೋನೊ ಎಂದು ವಿವರಿಸಿದರು. ಕಾವಲುಗಾರ ಬೀದಿಯತ್ತ ಕೈ ತೋರಿಸಿದ. ಅಲ್ಲಿ ಕಾಣುವವರಲ್ಲಿ ಅರ್ಧ ಜನ ಹಾಗೇ ಇದ್ದರು! ಮಧುವಿಗೆ ಅಳುವೇ ಬಂದುಬಿಟ್ಟಿತು. "ಆಂಟಿ, ಅಮ್ಮಂಗೆ ಶುಗರ್ ಇದೆ. ಮಧ್ಯಾಹ್ನದ ಊಟಾನೂ ಆಗಿಲ್ಲ" ಎಂದರು. ನನಗೂ ಓಡಬೇಕೆನಿಸಿತು. ಆದರೆ ಟೂರ್ ಮ್ಯಾನೇಜರ್ ಓಡಬಾರದು. ಅವಳು ಓಡಿದರೆ ಎಲ್ಲರೂ ಓಡುತ್ತಾರೆ. ಮಧುವನ್ನು ಹೆಬ್ಬಾಗಿಲಲ್ಲಿ ನಿಲ್ಲಿಸಿ, ಬೀದಿಯ ಆ ತುದಿಯಿಂದ ಒಂದೊಂದೇ ಅಂಗಡಿ ನೋಡುತ್ತ ಬಂದೆ.

ಕಾಗದದ ಕೊಡೆ ಮಾಡುವ ಅಂಗಡಿಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಸಾಲಿನ ತುದಿಯಲ್ಲಿ, ಬೆಂಚಿನ ಮೇಲೆ, ಕೆಂಪು ಕೊಡೆಯ ನೆರಳಿನಲ್ಲಿ ಶಾರದಮ್ಮನವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಒಸಾಕಾ ಕಡೆಯಿಂದಲೋ ಎಲ್ಲಿಂದಲೋ ಬಂದ ಪ್ರವಾಸಿಗಳು ಅವರನ್ನು ಊರಿನ ಪಾತ್ರಧಾರಿಯೆಂದು ತಿಳಿದು, ಬಗ್ಗಿ ನಮಸ್ಕರಿಸಿ, ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವರು ಎರಡೂ ಕೈಮುಗಿದು ಒಬ್ಬೊಬ್ಬರಿಗೂ, "ಚೆನ್ನಾಗಿರಿ, ಚೆನ್ನಾಗಿರಿ" ಎನ್ನುತ್ತಿದ್ದರು.

"ಏನಮ್ಮಾ ಇದು? ಮಗ ಅಲ್ಲಿ ಅಳ್ತಾ ಇದಾನೆ!" ಎಂದೆ.

"ಕಾಲು ನೋಯ್ತು ಅಂತ ಕೂತೆ ಕಣಮ್ಮ. ಪಾಪ, ಎಲ್ಲಿಂದಲೋ ಬಂದಿದಾರೆ, ಫೋಟೋ ಕೇಳ್ತಾರೆ. ಇಲ್ಲ ಅನ್ನಕ್ಕಾಗತ್ತಾ?" ಎಂದರು ಶಾರದಮ್ಮ. ಅಂಗಡಿಯಾಕೆ ಆಗಲೇ ಅವರಿಗೆ ಚಹಾ, ಅಕ್ಕಿಯ ಉಂಡೆ ಕೊಟ್ಟಾಗಿತ್ತು. ಸಾಲಿನಲ್ಲಿ ಉಳಿದವರದೆಲ್ಲ ಮುಗಿಯುವವರೆಗೆ ಶಾರದಮ್ಮನವರು ಎದ್ದುಬರಲೂ ಒಪ್ಪಲಿಲ್ಲ.

ಮುಂದಿನ ಪ್ರವಾಸದಿಂದ ಉಡುಪು ಬದಲಿಸುವವರ ಕೈಗೆಲ್ಲ ಬಣ್ಣದ ರಿಬ್ಬನ್ ಕಟ್ಟತೊಡಗಿದೆ. ಯಾವ ಬಣ್ಣವೆಂದು ದೊಡ್ಡ ಚರ್ಚೆಯೇ ನಡೆದು, ಆಸ್ಟಿನ್‌ನವರ ಯೂನಿವರ್ಸಿಟಿಯ ಬಣ್ಣವಾದ ಇಟ್ಟಿಗೆ-ಕಿತ್ತಳೆ ಗೆದ್ದಿತು. ಈಗ ಕೈಗಡಿಯಾರಗಳೇ ಯಾರು ಎಲ್ಲಿದ್ದಾರೆಂದು ಹೇಳುತ್ತವೆ. ಆದರೂ ರಿಬ್ಬನ್ ಬಿಡಬೇಡಿ. ಕಣ್ಣಿಗೆ ಕಾಣುವ ಗುರುತಿಗೆ ಬ್ಯಾಟರಿ ಬೇಕಾಗುವುದಿಲ್ಲ.

ಇನ್ನು ಭೂಕಂಪದ ದಿನ.

ಆ ಸಲ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಡಾಕ್ಟರ್ ಪಾಟೀಲರೂ ಅವರ ಪತ್ನಿ ಸುಮಂಗಲಾ ಅವರೂ ಬಂದಿದ್ದರು. ಧಾರವಾಡದವರು. ಡಾಕ್ಟರು ಹ್ಯೂಸ್ಟನ್‌ನಲ್ಲಿ ಮೂಳೆ ತಜ್ಞರಾಗಿ ಹೆಸರು ಮಾಡಿ ನಿವೃತ್ತರಾದವರು. ಬೆಳಗ್ಗೆ ಬಸ್ಸಿಳಿದಾಗಿನಿಂದ ಗೊಣಗುತ್ತಲೇ ಇದ್ದರು. "ಅಲ್ಲರಿ ವಿಜಯಾ ಅವರ, ಇಷ್ಟ್ ದೂರ ಬಂದು ಡುಪ್ಲಿಕೇಟ್ ಊರು ನೋಡೂದೇನ್ರಿ? ಖರೇ ಕೋಟೆ ಇಲ್ಲೇನು?"

"ಸಂಜೆವರೆಗೆ ನೋಡಿ ಡಾಕ್ಟ್ರೇ, ಆಮೇಲೆ ಬೈಯಿರಿ" ಎಂದೆ.

ಅಲ್ಲೊಂದು ಓರೆ ಮನೆ ಇದೆ. ಗುಪ್ತಚರರ ತರಬೇತಿಯ ಮನೆಯಂತೆ. ನೆಲ, ಗೋಡೆ ಎಲ್ಲ ವಾಲಿಸಿ ಕಟ್ಟಿರುವುದರಿಂದ ಒಳಗೆ ಕಾಲಿಟ್ಟರೆ ತಲೆ ತಿರುಗುತ್ತದೆ. ಮಕ್ಕಳಿಗೆ ಬಲು ಇಷ್ಟ. ಸುಮಂಗಲಾ ಅವರು ಮಂಡಿಯ ಆಪರೇಷನ್ ಮಾಡಿಸಿಕೊಂಡಿದ್ದವರು, ಆದರೂ "ನಾನೂ ಹೋಗಾಕಿನ" ಎಂದು ಮಕ್ಕಳ ಜೊತೆ ಒಳಗೆ ಹೋದರು. ಡಾಕ್ಟರು ಹೊರಗೇ ನಿಂತರು. ಉಳಿದವರಲ್ಲಿ ಹೆಚ್ಚಿನವರು ನನ್ನ ಜೊತೆ ಅಂಗಳದಲ್ಲಿದ್ದರು.

ಇದ್ದಕ್ಕಿದ್ದಂತೆ ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿದವು. ಟೆಕ್ಸಾಸ್‌ನಲ್ಲಿ ಫೋನ್ ಹಾಗೆ ಕಿರುಚಿದರೆ ಎಲ್ಲೋ ಮಗು ಕಾಣೆಯಾಗಿದೆಯೆಂದೋ ಗುಡುಗು-ಮಳೆಯೆಂದೋ ತಿಳಿದು ನಮ್ಮವರು ಬೆರಳಿನಲ್ಲಿ ಸವರಿ ಜೇಬಿಗೆ ಹಾಕುತ್ತಾರೆ. ಇಲ್ಲಿಯೂ ಹಾಗೇ ಮಾಡಿದರು. ನಾನು ಯೋಷಿಕೊ-ಸಾನ್ ಮುಖ ನೋಡಿದೆ. ಅವರ ಬಣ್ಣವೇ ಬದಲಾಗಿತ್ತು. "ಭೂಕಂಪ" ಎಂದರು.

"ಕೂತ್ಕೊಳಿ! ಎಲ್ರೂ ನೆಲದ ಮೇಲೆ ಕೂತ್ಕೊಳಿ! ಮನೆಗಳ ಹತ್ರ ಹೋಗ್ಬೇಡಿ!" ನನ್ನ ಗಂಟಲಲ್ಲಿ ಅಷ್ಟು ಧ್ವನಿಯಿದೆಯೆಂದು ನನಗೇ ಗೊತ್ತಿರಲಿಲ್ಲ. ಕೂರುವಷ್ಟರಲ್ಲಿ ನೆಲ ಅಲುಗಿತು. ಮೊದಲು ಲಾರಿ ಹೋದ ಹಾಗೆ, ಆಮೇಲೆ ಯಾರೋ ಚಾಪೆ ಹಿಡಿದು ಕೊಡವಿದ ಹಾಗೆ. ಸುಂಟರಗಾಳಿಯ ಸೈರನ್ ಕೇಳಿದರೆ ಬಾತ್‌ರೂಮಿನೊಳಗೆ ಓಡಬೇಕೆಂದು ಕಲಿತವರು ನಾವು. ಡಾಲಸ್ ಹತ್ತಿರದ ಪ್ಲೇನೋದ ಒಬ್ಬ ತಾಯಿ ಮಗುವನ್ನೆತ್ತಿಕೊಂಡು ಅಂಗಡಿಯೊಳಗೆ ನುಗ್ಗಲು ಎದ್ದೇಬಿಟ್ಟಳು. ಅವಳ ಕೈ ಹಿಡಿದು ಕೂರಿಸಿ ಭುಜ ಒತ್ತಿಹಿಡಿದೆ.

ಅಷ್ಟರಲ್ಲಿ ಡಾಕ್ಟರ್ ಪಾಟೀಲರು ಓರೆ ಮನೆಯತ್ತ ಓಡುತ್ತಿದ್ದರು. "ನಮ್ಮಾಕಿ ಒಳಗದಾಳ! ಬಿಡ್ರಿ ನನ್ನ!" ಬಾಗಿಲಲ್ಲಿದ್ದ ಸಮುರಾಯ್ ವೇಷದವನು ಎರಡೂ ತೋಳು ಚಾಚಿ ಅಡ್ಡ ನಿಂತ. ಡಾಕ್ಟರು ಅವನ ಎದೆಗೆ ಕೈ ಹಾಕಿ ತಳ್ಳಿದರು. ಅವನು ಅಲುಗಲಿಲ್ಲ. ನಾನು ಹಿಂದಿನಿಂದ ಹೋಗಿ ಡಾಕ್ಟರ ತೋಳು ಹಿಡಿದುಕೊಂಡೆ.

"ಡಾಕ್ಟ್ರೇ, ನಿಮ್ಮ ಆಪರೇಷನ್ ಥಿಯೇಟರಿಗೆ ಪೇಷಂಟಿನ ಕಡೆಯವರು ನುಗ್ಗಿದ್ರೆ ನೀವು ಬಿಡ್ತಿದ್ರಾ?"

ಅವರು ನನ್ನನ್ನು ಸಿಟ್ಟಿನಿಂದ ನೋಡಿದರು. ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತರು. ಅವರ ಪಕ್ಕ ನಾನೂ ಕೂತೆ. ಸುತ್ತಲಿನ ಮರದ ಮನೆಗಳೆಲ್ಲ ಹಳೆಯ ಎತ್ತಿನ ಗಾಡಿಯ ಹಾಗೆ ಕಿರುಗುಟ್ಟುತ್ತಿದ್ದವು, ತೂಗುತ್ತಿದ್ದವು. ಒಂದೂ ಬೀಳಲಿಲ್ಲ. ಮಾಡಿನಿಂದ ಒಂದು ಹೆಂಚೂ ಜಾರಲಿಲ್ಲ.

ನೆಲ ನಿಂತಿತು. ಓರೆ ಮನೆಯ ಬಾಗಿಲು ತೆರೆಯಿತು. ಕಪ್ಪು ಮುಸುಕಿನ ಗುಪ್ತಚರ ವೇಷದ ಹೆಣ್ಣುಮಗಳೊಬ್ಬಳು ಮೊದಲು ಮಕ್ಕಳನ್ನು ಒಬ್ಬರ ಹಿಂದೊಬ್ಬರನ್ನಾಗಿ ಹೊರಗೆ ಕಳಿಸಿದಳು. ಕೊನೆಗೆ ಸುಮಂಗಲಾ ಅವರು ಅವಳ ಭುಜಕ್ಕೆ ಕೈಕೊಟ್ಟು ನಗುನಗುತ್ತ ಇಳಿದು ಬಂದರು.

"ಏನ್ ಮಸ್ತ್ ಮಾಡ್ಯಾರ‍್ರಿ! ಮನಿನ ಅಳ್ಳಾಡಿಸಿದ್ರು! ಈ ಹುಡುಗಿ ನನ್ನ ತೆಕ್ಕಿಬಡದು ಕುಂಡ್ರಿಸಿಬಿಟ್ಲು. ನೀವು ಬರಬೇಕಾಗಿತ್ರಿ!"

ಡಾಕ್ಟರು ಎದ್ದು ಹೆಂಡತಿಯ ಎರಡೂ ಕೈ ಹಿಡಿದುಕೊಂಡರು. ಅದು ಆಟವಲ್ಲ, ನಿಜವಾದ ಭೂಕಂಪ ಎಂದು ಆಕೆಗೆ ಹೇಳಿದರು. ಅದನ್ನು ಕೇಳಿ ಸುಮಂಗಲಾ ಅವರು ಮುಸುಕಿನ ಹುಡುಗಿಯ ಕಡೆ ತಿರುಗಿ, ಅವಳ ಮುಖವನ್ನು ಎರಡೂ ಕೈಯಲ್ಲಿ ತಡವಿ ತಮ್ಮ ಹಣೆಯ ಬದಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದರು. ಆ ಹುಡುಗಿಗೆ ಏನು ಅರ್ಥವಾಯಿತೋ, ಮುಸುಕು ಸರಿಸಿ ಅತ್ತಳು. ಅವಳೂ ಹೆದರಿದ್ದಳು.

ಹರೀಶ್‌ಭಾಯ್ ಫೋನ್ ಬಂತು. ಸುದ್ದಿ ನೋಡಿದ್ದರು. "ಎಲ್ಲರನ್ನೂ ಈಗಲೇ ಬಸ್ ಹತ್ತಿಸಿ, ಟೋಕಿಯೊಗೆ ಹೊರಡಿ!" ಎಂದರು. ಬೆಟ್ಟದ ರಸ್ತೆಯಲ್ಲಿ ಕಲ್ಲು ಉರುಳಿದೆಯೇ ಎಂದು ನೋಡುವವರೆಗೆ ಯಾರೂ ಹೊರಡಬಾರದು ಎಂದು ಊರಿನವರು ಹೇಳಿಯಾಗಿತ್ತು. ಬಸ್ ಡ್ರೈವರ್, ಬೇಕಿದ್ದರೆ ಹೋಗೋಣ ಎನ್ನುತ್ತಿದ್ದ. ಗುಂಪಿನ ಎಲ್ಲರ ಕಣ್ಣೂ ನನ್ನ ಮೇಲಿತ್ತು.

"ಇಲ್ಲ ಹರೀಶ್‌ಭಾಯ್. ಇಲ್ಲೇ ಇರುತ್ತೇವೆ. ಈ ಜನಕ್ಕೆ ಇದರ ಅಭ್ಯಾಸವಿದೆ, ನಮಗಿಲ್ಲ" ಎಂದೆ. ಅವರು ಕೂಗಾಡಿದರು. ನಾನು ಮೆತ್ತಗೆ ಅದನ್ನೇ ಇನ್ನೊಮ್ಮೆ ಹೇಳಿದೆ. ಯಜಮಾನರ ಮಾತು ಮೀರಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಸಣ್ಣ ಕಂಪನವಾಯಿತು. ಮುಂದಿನ ತಿರುವಿನಲ್ಲಿ ರಸ್ತೆಗೆ ಬಂಡೆ ಬಿದ್ದಿದೆಯೆಂದು ಸುದ್ದಿ ಬಂತು. ಡ್ರೈವರ್ ಬಸ್ಸಿನ ಕೀಲಿಯನ್ನು ತಾನೇ ತಂದು ನನ್ನ ಕೈಗೆ ಕೊಟ್ಟ.

ಆ ಮಧ್ಯಾಹ್ನವೆಲ್ಲ ನಾವು ಅಲ್ಲೇ ಉಳಿದೆವು. ಉಡುಪು ಬದಲಿಸಲು ಹೋಗದೆ ವೇಷದಲ್ಲೇ ಇದ್ದ ಊರಿನವರು ಅಂಗಳದಲ್ಲಿ ಚಾಪೆ ಹಾಸಿದರು, ಚಹಾ ತಂದರು. ನ್ಯಾಯಾಧಿಕಾರಿಯ ಪಾತ್ರದವರು ಮೆಟ್ಟಿಲ ಮೇಲೆ ನಿಂತು, ಅದೇ ಹಳೆಯ ಭಾಷೆಯಲ್ಲಿ, ಗಂಭೀರವಾಗಿ ಏನೋ ಘೋಷಿಸಿದರು. ಯೋಷಿಕೊ-ಸಾನ್ ಅನುವಾದಿಸಿದರು: "ದಾರಿ ತೆರೆಯುವವರೆಗೆ ದೂರದ ಸೀಮೆಯ ಅತಿಥಿಗಳು ಈ ಊರಿನ ಪ್ರಜೆಗಳು." ನಮ್ಮವರು ಚಪ್ಪಾಳೆ ತಟ್ಟಿದರು. ಯಾರೋ ಚಕ್ಕುಲಿಯ ಡಬ್ಬಿ ಬಿಚ್ಚಿದರು, ಯಾರೋ ಹಾಡು ಹೇಳಿದರು. ಸಮುರಾಯ್‌ಗಳು ಚಕ್ಕುಲಿ ತಿಂದರು.

ಡಾಕ್ಟರ್ ಪಾಟೀಲರು ಮಾತ್ರ ಎದ್ದು ಹೋಗಿ, ಒಂದು ಮನೆಯ ಕಂಬ, ತೊಲೆ ಸೇರುವ ಕಡೆ ಬೆರಳಾಡಿಸುತ್ತ ನಿಂತಿದ್ದರು. ಮೊಳೆಯಿಲ್ಲದೆ, ಮರಕ್ಕೆ ಮರವನ್ನೇ ಕೂಡಿಸಿದ್ದರು. "ಇದು ಕೀಲ್ ಅದರಿ. ನಮ್ಮ ಮೊಣಕಾಲಿನಂಗ" ಎಂದರು ನನಗೆ. "ಬಿಗಿ ಹಿಡದಿದ್ರ ಮುರೀತಿತ್ತು. ಅಳ್ಳಾಡಾಕ ಜಾಗಾ ಬಿಟ್ಟಾರ, ಅದಕ್ಕ ನಿಂತದ. ಇದನ್ನ ಡುಪ್ಲಿಕೇಟ್ ಅಂದ್ನಲ್ಲರಿ ನಾ!" ತಾವು ಎದೆಗೆ ಕೈ ಹಾಕಿ ತಳ್ಳಿದ್ದ ಆ ಬಾಗಿಲಿನ ಸಮುರಾಯ್ ವೇಷದವನ ಮುಂದೆ ಹೋಗಿ ಅವನ ರೀತಿಯಲ್ಲೇ ಸೊಂಟ ಬಗ್ಗಿಸಿ ನಿಂತರು. ಅವನು ಇನ್ನೂ ಕೆಳಗೆ ಬಗ್ಗಿದ. ಇವರು ಇನ್ನೂ ಕೆಳಗೆ. "ಸಾಕ ಬರ‍್ರಿ, ಸೊಂಟಾ ಹಿಡದೀತು" ಎಂದು ಸುಮಂಗಲಾ ಅವರು ಕರೆದ ಮೇಲೇ ಅದು ನಿಂತಿದ್ದು.

ಸಂಜೆ ರಸ್ತೆ ತೆರೆಯಿತು. ಎಲ್ಲರೂ ಗಾಯವಿಲ್ಲದೆ, ಗೋಳಿಲ್ಲದೆ ಟೋಕಿಯೊ ತಲುಪಿದರು. ನನ್ನ ವೃತ್ತಿಯಲ್ಲಿ ನನಗೆ ಬಡ್ತಿ ಬಂದ ದಿನಗಳು ನೆನಪಿಲ್ಲ. ಆ ಬಸ್ಸಿನಲ್ಲಿ ಎಲ್ಲರೂ ನಿದ್ದೆಹೋದದ್ದು ನೆನಪಿದೆ. ಮುಂದಿನ ವರ್ಷದ ಜಾಹೀರಾತಿಗೆ ಆ ಊರಿನ ಚಿತ್ರವನ್ನು ಹರೀಶ್‌ಭಾಯ್ ತಾವೇ ಆರಿಸಿ ಮುಖಪುಟಕ್ಕೆ ಹಾಕಿದರು.

ನಿವೃತ್ತಿಯಾದ ಮೇಲೆ ಒಂದು ಸಲ ಪ್ರವಾಸಿಯಾಗಿ ಅದೇ ಟೂರಿಗೆ ಹೋದೆ. ಈಗ ಮ್ಯಾನೇಜರ್ ಅಪೂರ್ವ. ಪ್ಲೇನೋದಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷ್‌ನಲ್ಲಿ ಬರುತ್ತದೆ. ನಾಟಕಮಂದಿರದಲ್ಲಿ ಆ ಊರಿನ ಪ್ರಸಿದ್ಧ ನಗೆನಾಟಕ ನಡೆಯುತ್ತಿತ್ತು. ಅಷ್ಟು ವರ್ಷ ನಾನು ಅದರ ಮೊದಲ ದೃಶ್ಯ ನೋಡಿ ಎದ್ದುಬಿಡುತ್ತಿದ್ದೆ. ಬಸ್ಸು, ಊಟ, ಔಷಧಿ ಮರೆತವರು ಎಂದು ಹೊರಗೆ ನೂರು ಕೆಲಸ. ಆ ದಿನ ಮುಂದಿನ ಸಾಲಿನಲ್ಲಿ ಕೂತು, ಪರದೆ ಬೀಳುವವರೆಗೆ ನೋಡಿದೆ. ಕೊನೆಗೆ ಏನಾಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ! ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಹೊರಗೆ ಬಂದಾಗ ಅಪೂರ್ವ ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಯಾರದೋ ಊರುಗೋಲು ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದಳು. ಖಾನಾವಳಿಯಲ್ಲಿ ಪಾತ್ರೆ ಮೂಸಿ ಬಂದಿದ್ದಳೆಂದು ಆಮೇಲೆ ಗೊತ್ತಾಯಿತು. ನಾನು ಅವಳ ಕೈ ಹಿಡಿದು, "ಅಪೂರ್ವ, ಆ ನಾಟಕದ ಕೊನೇಲಿ ಏನಾಗತ್ತೆ ಗೊತ್ತೇನೇ?" ಎಂದೆ.

ಅವಳು ಫೋನ್ ಇರುವ ಕೈಯನ್ನೇ ಎತ್ತಿ ನನ್ನ ಬಾಯಿಗೆ ಅಡ್ಡ ಹಿಡಿದಳು. ಆವತ್ತು ಅವಳ ಉತ್ತರ ಕನ್ನಡದಲ್ಲೇ ಬಂತು.

"ಪ್ಲೀಸ್ ಆಂಟಿ, ಹೇಳ್ಬೇಡಿ. ನಾನು ರಿಟೈರ್ ಆದ್ಮೇಲೆ ನೋಡ್ತೀನಿ."